ಬಸುರಿನಲ್ಲಿ ಉರಿಯೂತ: ಮಗುವಿಗೆ ಏನಾಗುತ್ತದೆ, ನೀವು ಯಾವಾಗ ಏನು ಮಾಡಬೇಕು

ಈ ವಿಷಯದಲ್ಲಿ ಓದುಗರು ಕೇಳುವುದು ತಿರುಗಿ ತಿರುಗಿ ಮೂರೇ ಪ್ರಶ್ನೆ. ಬಸುರಿ ಇದ್ದಾಗ ಜ್ವರ ಬಂದಿತ್ತು, ಮಗುವಿಗೆ ತೊಂದರೆ ಆಗುತ್ತಾ? ರಿಪೋರ್ಟಿನಲ್ಲಿ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಜಾಸ್ತಿ ಬಂದಿದೆ, ಏನು ಮಾಡಲಿ? ಸಂಧಿವಾತಕ್ಕೆ ಮಾತ್ರೆ ತಗೊಳ್ತಾ ಇದ್ದೆ, ಬಸುರಿ ಅಂತ ಗೊತ್ತಾದ ಕೂಡಲೇ ಎಲ್ಲ ನಿಲ್ಲಿಸಿಬಿಟ್ಟೆ, ಸರಿ ಅಲ್ವಾ? ಕೊನೆಯದಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅದು ಯಾವ ಮಾತ್ರೆ ಅನ್ನೋದರ ಮೇಲೆ ಹೋಗುತ್ತದೆ, ಆದ್ದರಿಂದ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಬಸುರಿನಲ್ಲಿ ಜ್ವರ, ಸೋಂಕು ಆದ ಬಹುಪಾಲು ತಾಯಂದಿರ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹಾಗಾದರೆ ಇಷ್ಟುದ್ದ ಯಾಕೆ ಬರೆಯಬೇಕು? ಯಾಕೆಂದರೆ ತೊಂದರೆ ಆಗುವ ಕಡೆ, ಅದರಲ್ಲಿ ಸಾಕಷ್ಟು ಪಾಲು ತಡೆಯಬಹುದಾದದ್ದು. ಜನ ಮಾಡುವ ತಪ್ಪು ಏನೆಂದರೆ ಉರಿಯೂತವನ್ನೇ ಹಿಡಿದು ಇಳಿಸಲು ಹೋಗುತ್ತಾರೆ, ಅದು ಎಲ್ಲಿಂದ ಬಂತು ಅಂತ ಹುಡುಕುವುದಿಲ್ಲ. ಈ ಲೇಖನದ ಎಲ್ಲ ಹಂತಗಳೂ ಆ ಹುಡುಕಾಟವೇ.

ಏನಿದು, ಮಗುವಿಗೆ ಹೇಗೆ ತಲುಪುತ್ತದೆ

ಸೋಂಕು ಆದಾಗ, ಗಾಯ ಆದಾಗ ದೇಹ ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಪ್ರತಿಕ್ರಿಯೆಯೇ ಉರಿಯೂತ. ಬಿಳಿ ರಕ್ತಕಣಗಳು ಅಲ್ಲಿಗೆ ಓಡುತ್ತವೆ, ಸೈಟೊಕೈನ್ ಎಂಬ ಸಂದೇಶದ ರಾಸಾಯನಿಕಗಳನ್ನು ಬಿಡುತ್ತವೆ. ಇಂಟರ್‌ಲ್ಯೂಕಿನ್-6 ಅಂಥದ್ದೊಂದು. ನೋವು, ಬಾವು, ಬಿಸಿ, ಜ್ವರ ಎಲ್ಲ ಇದರಿಂದಲೇ. ಇದು ಕೆಟ್ಟದ್ದೇ ಅಂತ ತಿಳಿಯಬೇಡಿ. ಗರ್ಭ ಕಟ್ಟುವಾಗ ಗರ್ಭಕೋಶದ ಒಳಪದರದಲ್ಲಿ ಸ್ವಲ್ಪ ಉರಿಯೂತ ಬೇಕೇ ಬೇಕು. ನಡುವಿನ ತಿಂಗಳುಗಳಲ್ಲಿ ದೇಹ ಅದನ್ನು ಅದುಮಿ ಇಡುತ್ತದೆ. ಹೆರಿಗೆ ನೋವು ಶುರುವಾಗುವುದಕ್ಕೆ ಅದು ಮತ್ತೆ ಏರಬೇಕು.

ತೊಂದರೆ ಇರುವುದು ಹೊತ್ತಲ್ಲದ ಹೊತ್ತಿನಲ್ಲಿ ಏರಿದಾಗ. ಸೈಟೊಕೈನ್‌ಗಳು ಪ್ರೋಸ್ಟಾಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಹೆಚ್ಚಿಸುತ್ತವೆ, ಅದು ಗರ್ಭಕೋಶದ ಬಾಯನ್ನು ಮೆದುಗೊಳಿಸಿ ನೋವು ಬರಿಸುತ್ತದೆ. 37 ವಾರ ತುಂಬುವ ಮುಂಚೆ ಹೆರಿಗೆಯಾದರೆ ಅದನ್ನು ಅವಧಿಪೂರ್ವ ಹೆರಿಗೆ ಅನ್ನುತ್ತಾರೆ. ವಾರ ಕಡಿಮೆ ಆದಷ್ಟೂ ಅದರ ಹಿಂದೆ ಸೋಂಕು, ಉರಿಯೂತ ಇರುವ ಸಾಧ್ಯತೆ ಜಾಸ್ತಿ.

ದಾರಿ ಮುಖ್ಯವಾಗಿ ಎರಡು. ಒಂದು, ಯೋನಿಯಲ್ಲಿರುವ ಬ್ಯಾಕ್ಟೀರಿಯಾ ಮೇಲಕ್ಕೆ ಹತ್ತಿ ಮಗುವಿನ ಸುತ್ತಲಿನ ನೀರಿನ ಚೀಲಕ್ಕೆ ಸೇರುವುದು. ಇದೇ ಹೆಚ್ಚು. ಇನ್ನೊಂದು, ತಾಯಿಯ ರಕ್ತದ ಮೂಲಕ ಮಾಸಿಗೆ, ಅಂದರೆ ಪ್ಲಾಸೆಂಟಾಕ್ಕೆ, ರೋಗಾಣು ತಲುಪುವುದು. ಮಲೇರಿಯಾ, ಸಿಫಿಲಿಸ್, ಲಿಸ್ಟೀರಿಯಾ ಹೀಗೆ ಬರುವಂಥವು. ಕೆಲವೊಮ್ಮೆ ರೋಗಾಣು ಮಗುವಿನ ತನಕ ಹೋಗದೆ ಇದ್ದರೂ ಮಾಸು ಉರಿಯೂತಗೊಂಡು ಮಗುವಿಗೆ ಸಿಗಬೇಕಾದ ಆಮ್ಲಜನಕ, ಪೋಷಕಾಂಶ ಕಡಿಮೆಯಾಗುತ್ತದೆ. ಮಗುವಿನ ದೇಹವೇ ಉರಿಯೂತದಿಂದ ಪ್ರತಿಕ್ರಿಯಿಸಿದರೆ ಪೆಟ್ಟು ಬೀಳುವುದು ಮುಖ್ಯವಾಗಿ ಶ್ವಾಸಕೋಶಕ್ಕೆ, ಕರುಳಿಗೆ, ಮತ್ತು ಮೆದುಳಿನ ಬಿಳಿಭಾಗಕ್ಕೆ. ಬಿಳಿಭಾಗ ಅಂದರೆ ಮೆದುಳಿನ ನರತಂತುಗಳು ಓಡುವ ಜಾಗ. ತುಂಬಾ ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಜಾಸ್ತಿ.

ಕೈಯಲ್ಲಿ ಇರಬೇಕಾದದ್ದು

ಡಿಜಿಟಲ್ ಥರ್ಮಾಮೀಟರ್. ಎಲ್ಲ ರಿಪೋರ್ಟ್ ಇರುವ ಒಂದೇ ಫೈಲ್. ನೀವು ತಗೊಳ್ಳುವ ಪ್ರತಿ ಮಾತ್ರೆ, ಇಂಜೆಕ್ಷನ್, ಇನ್‌ಹೇಲರ್ ಹೆಸರು ಬರೆದ ಚೀಟಿ. ರಾತ್ರಿ ಹೊತ್ತಿನಲ್ಲೂ ಎತ್ತುವ ಹೆರಿಗೆ ವಾರ್ಡಿನ ನಂಬರ್. ಮೊದಲ ಸ್ಕ್ಯಾನಿನ ರಿಪೋರ್ಟ್, ಯಾಕೆಂದರೆ ವಾರದ ಲೆಕ್ಕ ಅದರಿಂದಲೇ ಗಟ್ಟಿಯಾಗುವುದು, ಮುಂದೆ ಪ್ರತಿಯೊಂದು ತೀರ್ಮಾನವೂ ವಾರದ ಮೇಲೆ ನಿಂತಿರುತ್ತದೆ. ‘ಏಳನೇ ತಿಂಗಳು ನಡೀತಿದೆ’ ಅಂದರೆ ಸಾಲದು.

1. ಹಳೆಯ ಕಾಯಿಲೆಯನ್ನು ಮೊದಲ ಭೇಟಿಯಲ್ಲೇ ಹೇಳಿ

ಸಾಧ್ಯವಾದರೆ ಗರ್ಭ ನಿಲ್ಲುವ ಮುಂಚೆಯೇ ಹೇಳಿ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗಗಳ ಮೇಲೇ ತಿರುಗಿಬೀಳುವ ಕಾಯಿಲೆ), ಸಂಧಿವಾತ, ಕರುಳಿನ ಉರಿಯೂತದ ಕಾಯಿಲೆಗಳು (ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್), ಆಸ್ತಮಾ, ಸೋರಿಯಾಸಿಸ್ ಇರುವವರಿಗೆ ಈ ಹಂತವೇ ಎಲ್ಲಕ್ಕಿಂತ ಮುಖ್ಯ. ಲೂಪಸ್ ಇರುವವರು ಕಾಯಿಲೆ ಕನಿಷ್ಠ 6 ತಿಂಗಳು ಶಾಂತವಾಗಿದ್ದ ಮೇಲೆ ಬಸುರಿಯಾಗುವುದು ಒಳ್ಳೆಯದು ಅಂತ ತಜ್ಞರು ಹೇಳುವುದು ಸುಮ್ನೆ ಅಲ್ಲ. ಕಾಯಿಲೆ ಕೆರಳಿದಾಗ ಗರ್ಭ ನಿಂತರೆ ಬಿಪಿ ಏರುವುದು, ಬೇಗ ಹೆರಿಗೆ, ಮಗುವಿನ ತೂಕ ಕಡಿಮೆ, ಎಲ್ಲವೂ ಹೆಚ್ಚುತ್ತವೆ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಮಾತ್ರೆ ಮಗುವಿಗೆ ಕೆಟ್ಟದ್ದು ಅಂತ ತಾವೇ ನಿಲ್ಲಿಸುವುದು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ನಿಜವಾಗಿಯೂ ಬಸುರಿನಲ್ಲಿ ಕೂಡದು, ಅವನ್ನು ಮುಂಚೆಯೇ ಯೋಜನೆ ಹಾಕಿ ಬದಲಿಸಬೇಕು. ಅದನ್ನು ತಗೊಳ್ಳುತ್ತಿರುವಾಗಲೇ ಗರ್ಭ ನಿಂತಿದ್ದರೆ ಮುಂದಿನ ಭೇಟಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ಹೇಳಿ. ಆದರೆ ಹೈಡ್ರಾಕ್ಸಿಕ್ಲೊರೊಕ್ವಿನ್, ಸಲ್ಫಾಸಲಜೀನ್, ಆಸ್ತಮಾದ ಇನ್‌ಹೇಲರ್ ಇವನ್ನೆಲ್ಲ ಸಾಮಾನ್ಯವಾಗಿ ಮುಂದುವರಿಸಲೇ ಹೇಳುತ್ತಾರೆ. ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ. ಆ ಕೆರಳುವಿಕೆಯೇ ಮಗುವಿಗೆ ಮಾತ್ರೆಗಿಂತ ದೊಡ್ಡ ಅಪಾಯ.

ಲೂಪಸ್ ಅಥವಾ ಷೋಗ್ರನ್ (ಕಣ್ಣು, ಬಾಯಿ ಒಣಗಿಸುವ ಅಂಥದ್ದೇ ಕಾಯಿಲೆ) ಇದ್ದರೆ ಆಂಟಿ-ರೋ ಎಂಬ ಪ್ರತಿಕಾಯದ ಪರೀಕ್ಷೆ ಆಗಿದೆಯಾ ಕೇಳಿ. ಅದು ಮಾಸನ್ನು ದಾಟಿ ಮಗುವಿನ ಹೃದಯದ ಮಿಡಿತವನ್ನು ತಡೆಯಬಲ್ಲದು. ಇಂಥ ತಾಯಂದಿರ 100 ಮಕ್ಕಳಲ್ಲಿ ಒಂದೆರಡಕ್ಕೆ ಮಾತ್ರ ಹಾಗಾಗುತ್ತದೆ, ಆದರೂ 16ನೇ ವಾರದಿಂದ ಮಗುವಿನ ಹೃದಯವನ್ನು ವಿಶೇಷವಾಗಿ ಗಮನಿಸುತ್ತಾರೆ.

ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ತಪ್ಪಿಹೋಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥ ಬಯಾಲಜಿಕ್ ಇಂಜೆಕ್ಷನ್‌ಗಳು (ಉರಿಯೂತದ ಸಂದೇಶವನ್ನು ತಡೆಯುವ ಪ್ರತಿಕಾಯಗಳು) ಕೊನೆಯ ಮೂರು ತಿಂಗಳಲ್ಲಿ ಮಾಸು ದಾಟಿ ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಅಂಥ ಮಗುವಿಗೆ ಹುಟ್ಟಿದ ಕೂಡಲೇ ಬಿಸಿಜಿ ಹಾಕಬಾರದು. ಬಿಸಿಜಿ ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ಆದರೆ ಬದುಕಿರುವ ರೋಗಾಣು ಅದರಲ್ಲಿದೆ. ತಾಯಿ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡಿದ್ದ ಒಂದು ಮಗು ಬಿಸಿಜಿ ಸೋಂಕು ಮೈಯೆಲ್ಲ ಹರಡಿ ತೀರಿಕೊಂಡದ್ದು 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಔಷಧಿಗೆ ತಕ್ಕಂತೆ 6ರಿಂದ 12 ತಿಂಗಳು ಮುಂದೂಡುತ್ತಾರೆ. ರೋಟಾವೈರಸ್ ಲಸಿಕೆಯೂ ಜೀವಂತ ಲಸಿಕೆಯೇ, ಅದನ್ನೂ ಕೇಳಿ. ಬಿಸಿಜಿ ಕೊಡುವ ಕಡೆ ಅದನ್ನು ಹುಟ್ಟಿದ ದಿನವೇ ಹಾಕಿಬಿಡುವುದು ರೂಢಿ, ನರ್ಸಿಗೆ ನಿಮ್ಮ ಇಂಜೆಕ್ಷನ್ ವಿಷಯ ಗೊತ್ತಿರುವುದಿಲ್ಲ. ಆದ್ದರಿಂದ ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ.

2. ಮೂತ್ರದ ಕಲ್ಚರ್ ಮಾಡಿಸಿ

ಉರಿ ಇಲ್ಲ, ನೋವಿಲ್ಲ, ಆದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿರಬಹುದು. 100 ಬಸುರಿಯರಲ್ಲಿ 2ರಿಂದ 10 ಜನರಿಗೆ ಹೀಗಿರುತ್ತದೆ. ಬಸುರಿನಲ್ಲಿ ಮೂತ್ರನಾಳ ಸಡಿಲವಾಗಿ ಮೂತ್ರ ನಿಧಾನ ಹರಿಯುವುದರಿಂದ ಸೋಂಕು ಸುಲಭವಾಗಿ ಕಿಡ್ನಿಗೆ ಹತ್ತುತ್ತದೆ. ಚಿಕಿತ್ಸೆ ಮಾಡದೆ ಬಿಟ್ಟರೆ ಇವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಕಿಡ್ನಿ ಸೋಂಕು ಆಗಬಹುದು. ಆಗ ಚಳಿಜ್ವರ, ಬೆನ್ನುನೋವು, ಆಸ್ಪತ್ರೆ, ಜೊತೆಗೆ ಬೇಗ ಹೆರಿಗೆಯ ಭಯ.

ಸಾಮಾನ್ಯ ಮೂತ್ರ ಪರೀಕ್ಷೆ ಬೇರೆ, ಕಲ್ಚರ್ ಬೇರೆ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧಿಗೆ ಅದು ಸಾಯುತ್ತದೆ ಅಂತ ನೋಡುತ್ತಾರೆ. ಸ್ಯಾಂಪಲ್ ಕೊಡುವ ರೀತಿ ಸರಿಯಿರಬೇಕು. ಮೊದಲು ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಿ. ಮೊದಲು ಬರುವ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಮಾತ್ರ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಬದಿ, ಮುಚ್ಚಳದ ಒಳಬದಿ ಕೈ ತಾಗಿಸಬೇಡಿ. ತಡಮಾಡದೆ ಲ್ಯಾಬಿಗೆ ಕೊಡಿ. ‘ಮಿಕ್ಸೆಡ್ ಗ್ರೋತ್’ ಅಂತ ರಿಪೋರ್ಟ್ ಬಂದರೆ ಬಹುತೇಕ ಸ್ಯಾಂಪಲ್ ಕೆಟ್ಟಿದೆ ಅಂತಲೇ ಅರ್ಥ, ಇನ್ನೊಮ್ಮೆ ಕೊಡಬೇಕು, ಗಾಬರಿ ಬೇಡ.

ಆಂಟಿಬಯೋಟಿಕ್ ಬರೆದುಕೊಟ್ಟರೆ ಪೂರ್ತಿ ಮುಗಿಸಿ. ಮುಗಿದು ಒಂದೆರಡು ವಾರಕ್ಕೆ ಮತ್ತೊಂದು ಕಲ್ಚರ್ ಮಾಡಿಸಿ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಹಳೆಯ ಮಾತ್ರೆ ಉಳಿದಿದೆ ಅಂತ ನುಂಗಬೇಡಿ. ಡಾಕ್ಸಿಸೈಕ್ಲಿನ್‌ನಂಥವು ಬಸುರಿನಲ್ಲಿ ಕೂಡದು, ಇನ್ನು ಕೆಲವು ಮೊದಲ ಮೂರು ತಿಂಗಳಲ್ಲಿ ಬೇಡ, ಕೆಲವು ಹೆರಿಗೆ ಹತ್ತಿರ ಬಂದಾಗ ಬೇಡ.

ಇದೇ ಭೇಟಿಯಲ್ಲಿ ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳೂ ಆಗಬೇಕು. ಸಂಕೋಚ ಬೇಡ, ಇವು ಎಲ್ಲರಿಗೂ ಮಾಡುವ ಪರೀಕ್ಷೆ. ಸಿಫಿಲಿಸ್ ಇದ್ದರೆ ಹೊತ್ತಿಗೆ ಸರಿಯಾಗಿ ಕೊಟ್ಟ ಪೆನಿಸಿಲಿನ್ ತಾಯಿಯನ್ನೂ ಮಗುವನ್ನೂ ಕಾಪಾಡುತ್ತದೆ. ವಾಸನೆಯ ಬಿಳಿಸೆರಗು, ತುರಿಕೆ, ಉರಿ ಇದ್ದರೆ ‘ಬಸುರಿನಲ್ಲಿ ಇದೆಲ್ಲ ಇರೋದೇ’ ಅಂತ ಸುಮ್ಮನಾಗಬೇಡಿ, ತೋರಿಸಿ.

3. ರಕ್ತದ ರಿಪೋರ್ಟ್ ನೋಡಿ ಹೆದರುವ ಮುಂಚೆ

ರಿಪೋರ್ಟಿನ ಬಲಬದಿಯಲ್ಲಿ ಅಚ್ಚು ಹಾಕಿರುವ ‘ಸಾಮಾನ್ಯ ಮಟ್ಟ’ ಬಸುರಿ ಅಲ್ಲದವರದ್ದು. ನಿಮ್ಮ ಅಂಕಿ ದಪ್ಪಕ್ಷರದಲ್ಲಿ ಬಂದಿದೆ ಅಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ.

ಇಎಸ್‌ಆರ್ (ಕೆಂಪು ರಕ್ತಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಅಂತ ನೋಡುವ ಪರೀಕ್ಷೆ) ಬಸುರಿನಲ್ಲಿ ತಾನಾಗಿಯೇ ಏರುತ್ತದೆ, ಆದ್ದರಿಂದ ಉರಿಯೂತ ಅಳೆಯಲು ಅದರಿಂದ ಉಪಯೋಗ ಕಡಿಮೆ. ಬಿಳಿ ರಕ್ತಕಣಗಳ ಸಂಖ್ಯೆ 15,000ದ ಆಸುಪಾಸಿಗೆ ಹೋಗಿದ್ದರೂ ಆರಾಮಾಗಿರುವ ಬಸುರಿಯರಿದ್ದಾರೆ, ಹೆರಿಗೆ ನೋವಿನ ಹೊತ್ತಿಗೆ 25,000 ದಾಟುವುದೂ ಉಂಟು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಕೆಲವು ದಿನ ಬಿಳಿ ಕಣಗಳು ಏರಿಯೇ ಇರುತ್ತವೆ, ಅದನ್ನು ನೋಡಿ ಸೋಂಕು ಅಂತ ಓಡಾಡುವವರೂ ಇದ್ದಾರೆ.

ಸಿಆರ್‌ಪಿ ಅಂದರೆ ಉರಿಯೂತ ಇದ್ದಾಗ ಯಕೃತ್ತು ತಯಾರಿಸುವ ಒಂದು ಪ್ರೋಟೀನ್. ಇದು ಹೊಗೆ ಇದ್ದ ಹಾಗೆ, ಬೆಂಕಿ ಎಲ್ಲಿ ಹತ್ತಿದೆ ಅಂತ ಹೇಳುವುದಿಲ್ಲ. ಬಸುರಿನಲ್ಲಿ, ತೂಕ ಜಾಸ್ತಿ ಇದ್ದಾಗ ಸ್ವಲ್ಪ ಏರಿರುವುದು ಮಾಮೂಲು. ಸಿಸೇರಿಯನ್ ಆದ ಎರಡು ಮೂರು ದಿನಕ್ಕೆ ಎಲ್ಲರಿಗೂ ಏರುತ್ತದೆ. ಜ್ವರ, ನೋವು ಏನೂ ಇಲ್ಲದೆ ಸುಮ್ನೆ ಪ್ಯಾಕೇಜಿನಲ್ಲಿದೆ ಅಂತ ಸಿಆರ್‌ಪಿ ಮಾಡಿಸಬೇಡಿ. ನನ್ನ ಅಭಿಪ್ರಾಯದಲ್ಲಿ ಅದರಿಂದ ಬರುವುದು ನಿದ್ದೆಗೇಡು ಮಾತ್ರ. ಆದರೆ ಜ್ವರ ಇರುವಾಗ ಡಾಕ್ಟರೇ ಬರೆದಿದ್ದರೆ, ಒಂದು ದಿನದ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದು ಮುಖ್ಯ.

4. ಸದ್ದಿಲ್ಲದೆ ಇರುವ ಉರಿಯೂತ: ಒಸಡು, ಸಕ್ಕರೆ, ತೂಕ, ಹೊಗೆ

ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ ದಂತವೈದ್ಯರಿಗೆ ತೋರಿಸಿ. ಒಸಡಿನ ರೋಗ ಇರುವ ತಾಯಂದಿರಲ್ಲಿ ಬೇಗ ಹೆರಿಗೆ ಹೆಚ್ಚು ಕಾಣುತ್ತದೆ ಅನ್ನುವುದು ನಿಜ. ಆದರೆ 2006ರಲ್ಲಿ ಅಮೆರಿಕದಲ್ಲಿ 823 ಬಸುರಿಯರ ಮೇಲೆ ನಡೆದ ಪ್ರಯೋಗದಲ್ಲಿ ಒಸಡಿನ ಚಿಕಿತ್ಸೆಯಿಂದ ಒಸಡು ಸುಧಾರಿಸಿತೇ ಹೊರತು ಬೇಗ ಹೆರಿಗೆ ಕಡಿಮೆಯಾಗಲಿಲ್ಲ. ಚಿಕಿತ್ಸೆಯಿಂದ ತೊಂದರೆಯೂ ಆಗಲಿಲ್ಲ. ಅಂದರೆ ನಿಮ್ಮ ಬಾಯಿಯ ಆರೋಗ್ಯಕ್ಕಾಗಿ ಮಾಡಿಸಿಕೊಳ್ಳಿ, ಬಸುರಿ ಅಂತ ಮುಂದೂಡಬೇಡಿ, ಆದರೆ ‘ಹಲ್ಲು ಕ್ಲೀನ್ ಮಾಡಿಸಿದೆ, ಇನ್ನು ಭಯವಿಲ್ಲ’ ಅಂದುಕೊಳ್ಳಬೇಡಿ.

ಬೊಜ್ಜು ಮತ್ತು ಸಕ್ಕರೆ ಕಾಯಿಲೆಯಲ್ಲಿ ಸಣ್ಣ ಮಟ್ಟದ ಉರಿಯೂತ ಯಾವಾಗಲೂ ಇರುತ್ತದೆ. ಬಸುರಿನ ಸಕ್ಕರೆ ಪರೀಕ್ಷೆ ಸಾಮಾನ್ಯವಾಗಿ 24ರಿಂದ 28 ವಾರಗಳ ನಡುವೆ, ಅಪಾಯ ಹೆಚ್ಚಿದ್ದರೆ ಇನ್ನೂ ಮುಂಚೆ. ಬಸುರಿಯಾದ ಮೇಲೆ ತೂಕ ಇಳಿಸಲು ಉಪವಾಸ ಬೀಳಬೇಡಿ. ಸಿಗರೇಟು, ತಂಬಾಕು ಬಿಡಿ. ಮನೆಯವರು ಸೇದುವ ಹೊಗೆಯೂ ಬೇಡ.

‘ಉರಿಯೂತ ಇಳಿಸುವ’ ಸಪ್ಲಿಮೆಂಟ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇದರಲ್ಲಿ ಸ್ವಲ್ಪ ಗಟ್ಟಿ ಆಧಾರ ಇರುವುದು ಒಮೆಗಾ-3ಕ್ಕೆ. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 70 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. 37 ವಾರದೊಳಗಿನ ಹೆರಿಗೆ 1000ಕ್ಕೆ 134 ಇದ್ದದ್ದು 119ಕ್ಕೆ ಇಳಿದಿತ್ತು. ಬೇಕಾದರೆ ಡಾಕ್ಟರ್ ಹತ್ತಿರ ಮಾತಾಡಿ ತಗೊಳ್ಳಿ. ಎಚ್ಚರ ಒಂದೇ: ಮೀನಿನ ಎಣ್ಣೆ ಬೇರೆ, ಕಾಡ್ ಲಿವರ್ ಆಯಿಲ್ ಬೇರೆ. ಎರಡನೆಯದು ಮೀನಿನ ಯಕೃತ್ತಿನದ್ದು, ಅದರಲ್ಲಿ ವಿಟಮಿನ್ ಎ ಜಾಸ್ತಿ, ಬಸುರಿನಲ್ಲಿ ಅದು ಹೆಚ್ಚಾದರೆ ಮಗುವಿಗೆ ಅಂಗದೋಷ ಆಗಬಹುದು. ಗಿಡಮೂಲಿಕೆಯ ಸಾರವನ್ನು ಗಟ್ಟಿಮಾಡಿ ಮಾಡಿದ ಕ್ಯಾಪ್ಸೂಲ್‌ಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

5. ಲಸಿಕೆ

ಫ್ಲೂ ಲಸಿಕೆ ಯಾವ ತಿಂಗಳಲ್ಲಾದರೂ ಸರಿ. ನಾಯಿಕೆಮ್ಮು ಸೇರಿದ ಟಿಡ್ಯಾಪ್ ಲಸಿಕೆಯನ್ನು ಹಲವು ಕಡೆ 27ರಿಂದ 36 ವಾರದ ನಡುವೆ ಕೊಡುತ್ತಾರೆ, ಕೆಲವು ದೇಶಗಳಲ್ಲಿ 16ರಿಂದಲೇ. ಆರ್‌ಎಸ್‌ವಿ (ಎಳೆಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಸ್) ಲಸಿಕೆ ಸಿಗುವ ಕಡೆ ಅದೂ ಇದೆ. ಇವು ತಾಯಿಯನ್ನು ಕಾಪಾಡುವುದಲ್ಲದೆ ಪ್ರತಿಕಾಯಗಳು ಮಾಸು ದಾಟಿ ಮಗುವಿನ ಮೊದಲ ತಿಂಗಳುಗಳಿಗೂ ಆಸರೆ. ದಡಾರ-ರುಬೆಲ್ಲಾ, ಸೀತಾಳೆ ಸಿಡುಬಿನ ಲಸಿಕೆ ಜೀವಂತವಾದವು, ಬಸುರಿನಲ್ಲಿ ಬೇಡ, ಮುಂಚೆಯೇ ಹಾಕಿಸಿಕೊಂಡಿರಬೇಕು. ಲಸಿಕೆ ಹಾಕಿಸಿಕೊಂಡ ದಿನ ಮೈ ಸ್ವಲ್ಪ ಬಿಸಿಯಾದರೆ ಅದು ಒಂದೆರಡು ದಿನದ ಮಾತು.

6. ಜ್ವರ ಬಂದರೆ

ಕೈಯಿಂದ ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ. ಥರ್ಮಾಮೀಟರ್ ಇಡಿ, ಅಂಕಿಯನ್ನೂ ಗಂಟೆಯನ್ನೂ ಬರೆಯಿರಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಡಾಕ್ಟರಿಗೆ ಹೇಳಿ. ಮೊದಲ ವಾರಗಳಲ್ಲಿ ಜೋರು ಜ್ವರವನ್ನು ಹಾಗೇ ಬಿಡುವುದು ಒಳ್ಳೆಯದಲ್ಲ, ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವ ಹೊತ್ತು ಅದು. ಆಗಿನ ಜೋರು ಜ್ವರಕ್ಕೂ ಬೆನ್ನುಹುರಿಯ ದೋಷಕ್ಕೂ ನಂಟು ಕಂಡಿದೆ.

ಜ್ವರ ಇಳಿಸಲು ಪ್ಯಾರಾಸಿಟಮಾಲ್. ಎಷ್ಟು ಬೇಕೋ ಅಷ್ಟೇ, ಎಷ್ಟು ದಿನ ಬೇಕೋ ಅಷ್ಟೇ ದಿನ. 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು, ತೂಕ ಕಡಿಮೆ ಇರುವವರಿಗೆ ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಲೇಬಲ್ ಓದದೆ ಎರಡನ್ನೂ ನುಂಗಿದರೆ ಪ್ರಮಾಣ ಮೀರುತ್ತದೆ. ಬಸುರಿನಲ್ಲಿ ಪ್ಯಾರಾಸಿಟಮಾಲ್ ತಗೊಂಡರೆ ಮಗುವಿಗೆ ಆಟಿಸಂ ಬರುತ್ತದೆ ಅನ್ನುವ ಮಾತು 2025ರಲ್ಲಿ ಜೋರಾಗಿ ಎದ್ದಿತು. ಅದಕ್ಕೂ ಮುಂಚೆ, 2024ರಲ್ಲಿ, ಸ್ವೀಡನ್ನಿನ ಸುಮಾರು 24 ಲಕ್ಷ ಮಕ್ಕಳ ದಾಖಲೆ ನೋಡಿದ ಅಧ್ಯಯನ ಬಂದಿತ್ತು. ಅದರಲ್ಲಿ ಒಂದೇ ತಾಯಿಯ ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಿದಾಗ ಅಂಥ ಸಂಬಂಧ ಕಾಣಲಿಲ್ಲ. ಜ್ವರದಲ್ಲಿ ಬೇಯುತ್ತಾ ಮಾತ್ರೆ ಬೇಡ ಅಂತ ಕೂರುವುದರಲ್ಲಿ ಅರ್ಥವಿಲ್ಲ.

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ನೀವೇ ತಗೊಳ್ಳಬೇಡಿ. ಹೆಸರಿನಲ್ಲೇ ‘ಉರಿಯೂತ ನಿವಾರಕ’ ಅಂತ ಇರುವುದರಿಂದ ಇದೇ ಮದ್ದು ಅಂತ ಅನ್ನಿಸುತ್ತದೆ, ಅಲ್ವಾ? 20 ವಾರದ ನಂತರ ಇವು ಮಗುವಿನ ಕಿಡ್ನಿಯ ಮೇಲೆ ಪರಿಣಾಮ ಬೀರಿ ಸುತ್ತಲಿನ ನೀರನ್ನು ಕಡಿಮೆ ಮಾಡಬಲ್ಲವು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿದೆ. 30 ವಾರದ ಸುಮಾರಿಗೆ ಮಗುವಿನ ಹೃದಯದ ಬಳಿ ಹುಟ್ಟುವ ತನಕ ತೆರೆದಿರಬೇಕಾದ ರಕ್ತನಾಳ ಮುಚ್ಚಿಕೊಳ್ಳುವ ಅಪಾಯವೂ ಸೇರುತ್ತದೆ. ಹಚ್ಚುವ ಜೆಲ್ ಕೂಡ ಕೇಳಿಯೇ ಹಚ್ಚಿ. ಆದರೆ ಬಿಪಿಯ ಅಪಾಯ ಇರುವವರಿಗೆ 12ನೇ ವಾರದಿಂದ ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್, 75ರಿಂದ 150 ಮಿಲಿಗ್ರಾಂ, ಇದರಲ್ಲಿ ಸೇರುವುದಿಲ್ಲ. ಈ ಪ್ಯಾರಾ ಓದಿ ಅದನ್ನು ನಿಲ್ಲಿಸಬೇಡಿ.

ಜ್ವರ ಇಳಿಯಿತು ಅಂದರೆ ಕಾರಣ ಹೋಯಿತು ಅಂತಲ್ಲ. ಮಲೇರಿಯಾ ಇರುವ ಊರಲ್ಲಿದ್ದರೆ ಅಥವಾ ಅಲ್ಲಿಗೆ ಹೋಗಿಬಂದಿದ್ದರೆ ಮೊದಲು ಅದರ ಪರೀಕ್ಷೆ. ಕಾಯಿಸದ ಹಾಲು, ಅರೆಬೆಂದ ಮಾಂಸ ತಿಂದಿದ್ದರೆ ಅದನ್ನೂ ಹೇಳಿ, ಲಿಸ್ಟೀರಿಯಾ ಸೋಂಕು ನೋಡಲು ಬರೀ ಫ್ಲೂ ಥರವೇ ಇರುತ್ತದೆ. ಜ್ವರದ ಜೊತೆ ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ಹೊಟ್ಟೆ ಗಟ್ಟಿಯಾಗಿ ನೋವು ಬಂದುಬಂದು ಹೋಗುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ತಲೆ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ.

7. ನೀರು ಒಡೆದರೆ

ಧಾರೆಯಾಗಿ ಹೋಗಬೇಕು ಅಂತೇನಿಲ್ಲ, ಒಳಉಡುಪು ಪದೇ ಪದೇ ಒದ್ದೆಯಾಗುವುದೂ ನೀರು ಒಡೆದದ್ದೇ ಇರಬಹುದು. ಒಂದು ಶುಭ್ರ ಬಿಳಿ ಪ್ಯಾಡ್ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ ಶುರುವಾಯಿತು, ಬಣ್ಣ ಏನು, ವಾಸನೆ ಇದೆಯಾ ನೋಡಿ. ಹಸಿರು, ಕಂದು ಅಥವಾ ಕೆಟ್ಟ ವಾಸನೆ ಇದ್ದರೆ ಹೊರಡುವ ಮುಂಚೆಯೇ ಫೋನ್ ಮಾಡಿ ಹೇಳಿ. ಆ ಪ್ಯಾಡನ್ನೇ ತಗೊಂಡು ಹೋಗಿ ತೋರಿಸಿ. ಟ್ಯಾಂಪೂನ್ ಬೇಡ, ಸಂಭೋಗ ಬೇಡ, ನೀವೇ ಕೈಹಾಕಿ ನೋಡುವುದು ಬೇಡ. ಆಸ್ಪತ್ರೆಯಲ್ಲೂ ಬೆರಳಿನ ಪರೀಕ್ಷೆ ಹೆಚ್ಚಾದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚು, ಆದ್ದರಿಂದ ‘ಈಗ ಪರೀಕ್ಷೆ ಬೇಕೇ?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ನೀರಿನ ಚೀಲಕ್ಕೆ ಸೋಂಕು ಹತ್ತಿದರೆ ಅದನ್ನು ಕೋರಿಯೊಆಮ್ನಿಯೊನೈಟಿಸ್ ಅನ್ನುತ್ತಾರೆ. ಈ ಲೇಖನದಲ್ಲಿ ಹೆದರಬೇಕಾದದ್ದು ಒಂದೇ ಇದ್ದರೆ ಅದು ಇದು. ತಾಯಿಗೆ 39 ಡಿಗ್ರಿ ಜ್ವರ, ಅಥವಾ 38ರ ಮೇಲಿನ ಜ್ವರ ಅರ್ಧ ಗಂಟೆ ಬಿಟ್ಟು ನೋಡಿದರೂ ಹಾಗೇ ಇದ್ದು, ಜೊತೆಗೆ ಮಗುವಿನ ಹೃದಯಬಡಿತ ನಿಮಿಷಕ್ಕೆ 160 ಮೀರುವುದು, ಕೀವಿನಂಥ ಸ್ರಾವ ಅಥವಾ ಬಿಳಿ ಕಣಗಳ ಏರಿಕೆ ಕಂಡರೆ ಡಾಕ್ಟರ್ ಇದನ್ನು ಶಂಕಿಸುತ್ತಾರೆ. ಚಿಕಿತ್ಸೆ ಎರಡು: ರಕ್ತನಾಳಕ್ಕೆ ಆಂಟಿಬಯೋಟಿಕ್ ಮತ್ತು ಹೆರಿಗೆ. ‘ವಾರ ಆಗಿಲ್ಲ, ಇನ್ನೂ ಸ್ವಲ್ಪ ದಿನ ತಳ್ಳೋಣ’ ಅಂತ ಮನೆಯವರು ಒತ್ತಾಯ ಮಾಡುವುದು ಇಲ್ಲೇ. ಸೋಂಕು ಖಚಿತವಾದ ಮೇಲೆ ಒಳಗಿರುವುದೇ ಮಗುವಿಗೆ ಅಪಾಯ, ಹೊರಗಿನದಲ್ಲ. ಹಾಗಂತ ಇದಕ್ಕೆ ಸಿಸೇರಿಯನ್ನೇ ಆಗಬೇಕು ಅಂತಿಲ್ಲ, ಸಹಜ ಹೆರಿಗೆ ಆಗಬಹುದು. ಇನ್ನೊಂದು ಮಾತು, ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಟ್ಟಾಗ ಸೋಂಕಿಲ್ಲದೆಯೂ ಮೈ ಬಿಸಿಯಾಗಬಹುದು.

ಸೋಂಕಿಲ್ಲದೆ ಬೇಗ ನೀರು ಒಡೆದಿದ್ದರೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಾಯುವುದು ಸಾಮಾನ್ಯ. ಆಗ ಕೇಳಬೇಕಾದ ಪ್ರಶ್ನೆ ಮೂರು. ಆಂಟಿಬಯೋಟಿಕ್ ಶುರುವಾಗಿದೆಯೇ? 24ರಿಂದ 34 ವಾರದ ಒಳಗಿದ್ದರೆ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರೆಯೇ? 32 ವಾರಕ್ಕೆ ಮುಂಚೆ ಹೆರಿಗೆ ಆಗುವಂತಿದ್ದರೆ ಮಗುವಿನ ಮೆದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆಯೇ? ಜೊತೆಗೆ ಎಳೆಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೆರಿಗೆಗೆ ಮುಂಚೆಯೇ ಹೋಗುವುದು ಒಳ್ಳೆಯದು. ಮಗು ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಸಾಗುವುದು ಕ್ಷೇಮ.

8. ಹೆರಿಗೆಯ ದಿನ

ಗುಂಪು ಬಿ ಸ್ಟ್ರೆಪ್ಟೊಕೊಕಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಐವರು ತಾಯಂದಿರಲ್ಲಿ ಒಬ್ಬರ ಯೋನಿ, ಗುದದಲ್ಲಿ ಏನೂ ತೊಂದರೆ ಕೊಡದೆ ಇರುತ್ತದೆ. ಹೆರಿಗೆಯಲ್ಲಿ ಮಗುವಿಗೆ ದಾಟಿದರೆ ನಂಜು, ನ್ಯುಮೋನಿಯಾ ಆಗಬಹುದು. ಕೆಲವು ದೇಶಗಳಲ್ಲಿ 36-37ನೇ ವಾರದಲ್ಲಿ ಎಲ್ಲರಿಗೂ ಪರೀಕ್ಷೆ ಮಾಡುತ್ತಾರೆ, ಕೆಲವು ಕಡೆ ಅಪಾಯ ಇರುವವರಿಗೆ ಮಾತ್ರ. ಇದ್ದರೆ ಹೆರಿಗೆ ನೋವಿನ ಹೊತ್ತಿನಲ್ಲಿ ಪೆನಿಸಿಲಿನ್ ಕೊಡಬೇಕು, ಹೆರಿಗೆಗೆ ಕನಿಷ್ಠ 4 ಗಂಟೆ ಮುಂಚೆ ಸಿಕ್ಕರೆ ಒಳ್ಳೆಯದು. ವಾರಗಟ್ಟಲೆ ಮುಂಚೆ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ, ಅದು ಮತ್ತೆ ಬೆಳೆಯುತ್ತದೆ.

ಮಕ್ಕಳ ಡಾಕ್ಟರಿಗೆ ತಾಯಿಯ ಕಥೆ ತಲುಪುವುದೇ ಇಲ್ಲ, ಇದು ನಾನು ಬಹಳ ಸಲ ಕೇಳಿದ ದೂರು. ಆದ್ದರಿಂದ ಒಂದು ಹಾಳೆಯಲ್ಲಿ ಹೀಗೆ ಬರೆದು ಜೊತೆಗಿರುವವರ ಕೈಗೆ ಕೊಡಿ: ವಾರ ಎಷ್ಟು, ನೀರು ಒಡೆದ ಗಂಟೆ, ಅತಿ ಹೆಚ್ಚಿನ ಜ್ವರ ಎಷ್ಟು ಮತ್ತು ಯಾವಾಗ, ಯಾವ ಆಂಟಿಬಯೋಟಿಕ್ ಎಷ್ಟು ಗಂಟೆಗೆ ಕೊಟ್ಟರು, ಸ್ಟ್ರೆಪ್ಟೊಕೊಕಸ್ ರಿಪೋರ್ಟ್, ತಾಯಿಯ ಬಯಾಲಜಿಕ್ ಇಂಜೆಕ್ಷನ್ ಇದ್ದರೆ ಅದರ ಹೆಸರು ಮತ್ತು ಕೊನೆಯ ಡೋಸಿನ ತಾರೀಕು.

ಮಾಸನ್ನು ಬಿಸಾಡುವ ಮುಂಚೆ ಕೇಳಿ. ಬೇಗ ಹೆರಿಗೆಯಾಗಿದ್ದರೆ, ತಾಯಿಗೆ ಜ್ವರ ಇದ್ದಿದ್ದರೆ ಅಥವಾ ಮಗು ತುಂಬಾ ಸಣ್ಣದಿದ್ದರೆ ಅದನ್ನು ಪೆಥಾಲಜಿಗೆ ಕಳಿಸಬೇಕು. ಹೊಕ್ಕುಳಬಳ್ಳಿಯಲ್ಲಿ ಉರಿಯೂತ ಇದ್ದರೆ ರಿಪೋರ್ಟಿನಲ್ಲಿ ‘ಫ್ಯೂನಿಸೈಟಿಸ್’ ಅಂತ ಬರೆದಿರುತ್ತಾರೆ. ಅಂದರೆ ಪ್ರತಿಕ್ರಿಯೆ ತಾಯಿಯಲ್ಲಿ ಮಾತ್ರ ಅಲ್ಲ, ಮಗುವಿನ ದೇಹದಲ್ಲೂ ಆಗಿತ್ತು. ಒಂದು ಸಲ ಕಸದ ಬಕೆಟ್ಟಿಗೆ ಹೋದರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

9. ಮಗುವಿನ ಮೊದಲ ವಾರ

ತಾಯಿಯಿಂದ ಬಂದ ಸೋಂಕು ಹೆಚ್ಚಾಗಿ ಮೊದಲ 72 ಗಂಟೆಯಲ್ಲೇ ತೋರಿಸಿಕೊಳ್ಳುತ್ತದೆ. ತಾಯಿಗೆ ಜ್ವರ ಇದ್ದಿದ್ದರೆ ಮಗುವನ್ನು ಒಂದೆರಡು ದಿನ ಹೆಚ್ಚು ಇಟ್ಟುಕೊಂಡು ನೋಡುತ್ತಾರೆ, ಮನೆಗೆ ಕಳಿಸಿ ಅಂತ ಜಗಳ ಆಡಬೇಡಿ.

ಎಳೆ ಮಗು ದೊಡ್ಡವರ ಹಾಗೆ ಜ್ವರ ಬಂದೇ ಸುಳಿವು ಕೊಡಬೇಕು ಅಂತಿಲ್ಲ. ಎಷ್ಟೋ ಸಲ ಮೈ ತಣ್ಣಗಾಗುತ್ತದೆ, ಮಗು ಸುಮ್ಮನೆ ಮಲಗಿರುತ್ತದೆ, ‘ಎಷ್ಟು ಒಳ್ಳೆಯ ಮಗು, ಅಳೋದೇ ಇಲ್ಲ’ ಅಂತ ಮನೆಯವರು ಹಿಗ್ಗುತ್ತಾರೆ. ಮೊದಲು ಗಮನಿಸಬೇಕಾದದ್ದು ಹಾಲು. ಚೆನ್ನಾಗಿ ಚೀಪುತ್ತಿದ್ದ ಮಗು ಬಿಟ್ಟರೆ ಅದು ದೊಡ್ಡ ಸುಳಿವು. ಉಸಿರು ಎಣಿಸುವುದನ್ನು ಕಲಿಯಿರಿ: ಮಗು ಅಳದೆ ಇರುವಾಗ ಬಟ್ಟೆ ಸರಿಸಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಎಳೆಮಕ್ಕಳ ಉಸಿರು ಏರುಪೇರು ಇರುತ್ತದೆ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಹೊರಡಿ. ಪಕ್ಕೆಲುಬಿನ ಕೆಳಗೆ ಎದೆ ಒಳಸೇದುವುದು, ನರಳುವುದು, ಮುಟ್ಟಿದರೆ ಮಾತ್ರ ಅಲುಗುವುದು, ಫಿಟ್ಸ್, ಮೈಬಿಸಿ 38 ಮುಟ್ಟುವುದು ಅಥವಾ 35.5ಕ್ಕಿಂತ ಕೆಳಗಿಳಿಯುವುದು, ಮೊದಲ 24 ಗಂಟೆಯಲ್ಲೇ ಕಾಮಾಲೆ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ. ಜ್ವರದ ಹನಿ ಹಾಕಿ ನೋಡೋಣ ಅನ್ನುವ ವಯಸ್ಸು ಇದಲ್ಲ.

ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿ ಕತ್ತರಿಸುವ ಮುಂಚೆ ಒಂದು ನಿಮಿಷವಾದರೂ ಕಾಯಲು, ಮೊದಲ ಗಂಟೆಯಲ್ಲೇ ಎದೆಹಾಲು ಕೊಡಲು ಕೇಳಿ. ಬೇಗ ಹುಟ್ಟಿದ ಮಕ್ಕಳ ಕರುಳಿಗೆ ಎದೆಹಾಲಿನಷ್ಟು ರಕ್ಷಣೆ ಕೊಡುವುದು ಬೇರೆ ಇಲ್ಲ. ಸಣ್ಣ ಮಗುವನ್ನು ತಾಯಿಯ ಬರಿಯೆದೆಗೆ ಒರಗಿಸಿ ಇಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಶುರುಮಾಡಿದರೆ ಏನಾಗುತ್ತದೆ ಅಂತ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದಿತ್ತು. ಹುಷಾರಿಲ್ಲದ ತಾಯಿಯ ಬದಲು ಅಪ್ಪನೋ ಅಜ್ಜಿಯೋ ಎದೆಗೊರಗಿಸಿಕೊಳ್ಳಬಹುದು.

10. ಮನೆಗೆ ಬಂದ ಮೇಲೆ

ತಾಯಿಗೆ ಬಾಣಂತನದಲ್ಲಿ ಜ್ವರ, ಕೆಟ್ಟ ವಾಸನೆಯ ಸ್ರಾವ, ಕೆಳಹೊಟ್ಟೆ ನೋವು, ಗಾಯದಲ್ಲಿ ಕೀವು ಕಂಡರೆ ಅದೇ ದಿನ ತೋರಿಸಿ. ಮಗುವನ್ನು ನೋಡಿಕೊಳ್ಳುವ ಭರದಲ್ಲಿ ತಾಯಿಯ ಥರ್ಮಾಮೀಟರ್ ಮೂಲೆ ಸೇರಿಬಿಡುತ್ತದೆ.

‘ಮುಂದೆ ಬುದ್ಧಿಗೆ ಏನಾದರೂ ಆಗುತ್ತಾ?’ ಅನ್ನುವ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಇಲಿಗಳ ಪ್ರಯೋಗದಲ್ಲಿ ತಾಯಿಗೆ ಉರಿಯೂತ ಬರಿಸಿದರೆ ಮರಿಗಳ ನಡವಳಿಕೆ ಬದಲಾಗುತ್ತದೆ. ಮನುಷ್ಯರಲ್ಲೂ ತಾಯಿಯ ಇಂಟರ್‌ಲ್ಯೂಕಿನ್-6 ಮಟ್ಟಕ್ಕೂ ಮಗುವಿನ ಮೆದುಳಿನ ಸಂಪರ್ಕಗಳಿಗೂ ನಂಟು ಕಂಡ ಅಧ್ಯಯನಗಳಿವೆ. ಆದರೆ ನಂಟು ಕಂಡಿತು ಅಂದರೆ ನಿಮ್ಮ ಮಗುವಿಗೆ ಹೀಗೇ ಆಗುತ್ತದೆ ಅಂತಲ್ಲ. ಒಂದು ವಾರದ ಜ್ವರಕ್ಕೆ ಮಗುವಿನ ಎಂಆರ್‌ಐ ಮಾಡಿಸಬೇಕಾಗಿಲ್ಲ. ಬೇಗ ಹುಟ್ಟಿದ ಮಗುವಿಗಾದರೆ ಕಣ್ಣಿನ ರೆಟಿನಾ ಪರೀಕ್ಷೆ, ಕಿವಿ ಪರೀಕ್ಷೆ, ಬೆಳವಣಿಗೆಯ ತಪಾಸಣೆ ಹೇಳಿದ ದಿನಕ್ಕೆ ತಪ್ಪದೆ ಮಾಡಿಸಿ. ಅದರಲ್ಲೂ ರೆಟಿನಾದ್ದು ಕೆಲವೇ ವಾರಗಳ ಅವಕಾಶ, ತಡವಾದರೆ ದೃಷ್ಟಿ ಹೋಗಬಹುದು. ಎರಡು ವರ್ಷ ತಿದ್ದಿದ ವಯಸ್ಸನ್ನೇ ಲೆಕ್ಕ ಹಾಕಿ, ಅಂದರೆ ಹುಟ್ಟಿದ ದಿನದಿಂದ ಅಲ್ಲ, ಹುಟ್ಟಬೇಕಿದ್ದ ದಿನದಿಂದ. ಎರಡು ತಿಂಗಳು ಬೇಗ ಹುಟ್ಟಿದ ಮಗು ಎಂಟನೇ ತಿಂಗಳಲ್ಲಿ ಆರು ತಿಂಗಳಿನವರ ಹಾಗೆ ಇದ್ದರೆ ಅದು ಹಿಂದುಳಿದಿಲ್ಲ.

ಮುಂದಿನ ಬಸುರಿಗೆ ಈ ಫೈಲನ್ನೂ ಮಾಸಿನ ರಿಪೋರ್ಟನ್ನೂ ಜೋಪಾನವಾಗಿಡಿ. ಒಮ್ಮೆ ಬೇಗ ಹೆರಿಗೆಯಾಗಿದ್ದರೆ ಮುಂದಿನ ಸಲ 16ನೇ ವಾರದಿಂದ 24ರ ತನಕ ಗರ್ಭಕೋಶದ ಬಾಯಿಯ ಉದ್ದವನ್ನು ಸ್ಕ್ಯಾನಿನಲ್ಲಿ ಅಳೆಯುತ್ತಾರೆ. 25 ಮಿಲಿಮೀಟರಿಗಿಂತ ಕಡಿಮೆ ಬಂದರೆ ಪ್ರೊಜೆಸ್ಟರಾನ್ ಹಾರ್ಮೋನ್ ಅಥವಾ ಆ ಬಾಯಿಗೆ ಹೊಲಿಗೆ ಬೇಕಾಗಬಹುದು. ಅದಕ್ಕೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹಳೆಯ ಹೆರಿಗೆಯ ವಾರ ಗೊತ್ತಿರಬೇಕು.